ಹೊಳಿಯಪ್ಪ ಕರೆದ ಮಧ್ಯಾಹ್ನ

ಯಲಬುರ್ಗಿ ಸೀಮೆಯ ಎರೆಹೊಲಗಳ ಮೇಲೆ ಉತ್ತರೆಯ ಮಳೆ ಹಿಡಿದು ಕುಳಿತ ಸಂಜೆ. ಪುರಾಣ ಮುಗಿದರೂ ಮನೆಗೆ ಹೋಗಲಾರದೆ ಜನರು ಮಠದ ಪಡಸಾಲೆಯಲ್ಲೇ ಉಳಿದಿದ್ದರು. ಗೋಸೇವೆಯ ಫಲವನ್ನು ಶ್ಲೋಕಸಮೇತ ವಿವರಿಸತೊಡಗಿದ ನನ್ನನ್ನು ವೃದ್ಧೆ ಗುರುಲಿಂಗಮ್ಮ ಅರ್ಧಕ್ಕೇ ತಡೆದರು.

"ಶ್ಲೋಕ ಹಂಗಿರ್ಲಿ ಬಿಡ್ರಿ ಅಯ್ಯಾರ. ನಾ ಕಂಡದ್ದು ಹೇಳ್ತೀನಿ, ಕೇಳ್ರಿ...

ಊರ ಮುಂದಿನ ಗಾಯರಾಣ, ನಮ್ಮ ದನ ಮೇಯೋ ಭೂಮಿ, ಅದನ್ನ ಕಾರ್ಖಾನಿಯವ್ರು ಬೂದಿ ಸುರಿಯಾಕ ಕೇಳಿದ್ರು. ದನಗಾಹಿ ಹೊಳಿಯಪ್ಪ ಸತ್ತು ಮೂರು ವರ್ಷಾಗಿತ್ತು; ಕಾಯಾವ್ರಿಲ್ಲಂತ ಎಲ್ಲಾರೂ ದನ ಮನ್ಯಾಗ ಕಟ್ಟಿದ್ವಿ. ಅವರಿಗೆ ಅದಾ ಬೇಕಾಗಿತ್ತು! 'ಇಲ್ಲಿ ದನ ಮೇಯಂಗಿಲ್ಲ' ಅಂತ ಐದು ಮಂದಿ ಪಂಚರು ಹೆಬ್ಬಟ್ಟು ಒತ್ತಿದ್ರ ಭೂಮಿ ಹೋದಂಗ. ಆ ಐವರಾಗ ನಾನೂ ಒಬ್ಬಾಕಿ... ಹೌದು, ನಾನ! ಅಳಿಯಗ ನೌಕರಿ ಕೊಡ್ತೀವಿ ಅಂದಿದ್ರು. ಆಸಿ ಯಾರನ್ನ ಬಿಟ್ಟೈತಿ ಹೇಳ್ರಿ?

ನಡು ಮಧ್ಯಾಹ್ನ. ಎಲಿ ಅಲುಗವಲ್ದು. ಕಂದಾಯ ಕಚೇರಿ ಸಾಹೇಬ ಗಾಯರಾಣದಾಗ ಕಾಗದ ಹಿಡಿದು ನಿಂತಾನ, ನಾಲ್ವರು ಒತ್ತಿ ಮುಗಿಸ್ಯಾರ, ನನ್ನ ಹೆಬ್ಬಟ್ಟಿಗೆ ಮಸಿ ಹತ್ತೈತಿ... ಆವಾಗ ಗುಡ್ಡದ ಕಡಿಂದ ಬಂತು ನೋಡ್ರಿ, 'ಹೋ... ಬರ್ರೇ... ಹೋ...' ನಲವತ್ತು ವರ್ಷ ದಿನಾ ಮುಂಜಾನಿ ಕೇಳಿದ ಕೂಗು, ಗುರುತು ಹತ್ತದ ಇರ್ತೈತೇನು? ಊರ ಕಡಿಂದ ಧೂಳೆದ್ದಿತು... ಹಗ್ಗ ಹರಕೊಂಡು, ಗೂಟ ಕಿತ್ತಕೊಂಡು, ಆಕಳ, ಎಮ್ಮಿ, ಹೋರಿ, ಅವನ ಕೂಗು ಒಮ್ಮಿನೂ ಕೇಳದ ಕರು ಸುದ್ದಾ ಓಡಿ ಬಂದು, ಸಾಹೇಬನ್ನ ನಡುವ ಹಾಕ್ಕೊಂಡು ಮೇಯಾಕತ್ತಿದ್ವು!

ಸಾಹೇಬ ಬೆವತು, 'ಯಾರ್ರೀ ಕೂಗಿದವ? ಅವನ ಹೇಳಿಕೀನೂ ಬೇಕು, ಕರೀರಿ' ಅಂದ.

ನಮ್ಮ ರಾಜಾಸಾಬ ಸುಮ್ಮನಿರ್ತಾನೇನು? 'ಕರೀತೀವ್ರಿ ಸಾಹೇಬ್ರ... ಅವ ಬಂದ್ರ ನೀವು ನಿಲ್ಲಬೇಕಲ್ಲ! ಸತ್ತು ಮೂರು ವರ್ಷಾತು.'

ನನ್ನ ಆಕಳ ಬಂದು ನನ್ನ ಎದಿಗೆ ಹಣಿ ಹಚ್ಚಿ ನಿಂತಿತು. ಹೆಬ್ಬಟ್ಟಿನ ಮಸಿ ಅದರ ಹಣಿಗೇ ಒರಿಸಿಬಿಟ್ಟೆ. 'ನಾ ಒತ್ತಂಗಿಲ್ಲ' ಅಂದೆ. ಉಳಿದ ನಾಲ್ವರೂ 'ನಮ್ಮದೂ ತಗೀರಿ' ಅಂದ್ರು. ಸಾಹೇಬ ತನ್ನ ಕೈಲೇ ಆ ಕಾಗದ ಹರಿದು ಹೊಸಾದು ಬರೆದ: 'ಊರಿನ ಸಮಸ್ತ ಜಾನುವಾರುಗಳು ಇಲ್ಲಿ ಮೇಯುತ್ತಿರುವುದನ್ನು ಖುದ್ದಾಗಿ ಕಂಡಿರುತ್ತೇನೆ.' ಐವರೂ ಒತ್ತಿದ್ವಿ. ಗೆದ್ವಿ! ಬೂದಿ ಬೀಳಬೇಕಿದ್ದ ನೆಲದಾಗ ಮೊಣಕಾಲುದ್ದ ಹುಲ್ಲು ನಿಂತೈತಿ, ನೋಡ್ಕೊಂಡು ಬರ್ರಿ."

ಪಡಸಾಲೆಯ ತುಂಬ ಹರ್ಷೋದ್ಗಾರ. ಅದು ತಣಿದ ಮೇಲೆ, ರಾಜಾಸಾಬನ ಮನೆಗೆ ಹೊಸದಾಗಿ ಸೊಸೆಯಾಗಿ ಬಂದ ಮುಬಾಶಿರಾ ಮೆಲ್ಲಗೆ ಕೇಳಿದಳು: "ಈಗ ದನ ಯಾರು ಕಾಯ್ತಾರ್ರಿ ಅಮ್ಮಾರ?"

"ನಮಗ ಕಾಣೋ ಮನಶಾ ಯಾರೂ ಇಲ್ಲವಾ. ಮುಂಜಾನಿ ತಾವ ಹೋಗ್ತಾವ, ಸಂಜಿಗೆ ಒಂದೂ ತಪ್ಪದ ಬರ್ತಾವ. ದಿನಕ್ಕೊಂದು ಮನೀ ಪಾಳಿ ಹಚ್ಚಿ ದಿಬ್ಬದ ಮ್ಯಾಲ ರೊಟ್ಟಿ ಗಂಟು ಇಡ್ತೀವಿ. ಸಂಜಿಗೆ ಗಂಟು ಕಟ್ಟಿದ ಅರಬಿ ಅಷ್ಟಾ ಇರ್ತೈತಿ... ನಾಳಿ ನಿಮ್ಮ ಮನೀ ಪಾಳಿ. ಚಟ್ನಿಗೆ ಖಾರ ಕಡಿಮಿ ಹಾಕು. ಹೋದ ಪಾಳ್ಯಾಗ ನಿಮ್ಮತ್ತಿ ಮಾಡಿದ್ದು ಬಾಯಾಗ ಇಡಾಕ ಆಗಲಿಲ್ಲಂತ... ನಿನ್ನಿ ನಾ ಗಂಟು ಇಟ್ಟು ತಿರುಗೂದ್ರಾಗ, ಬೆನ್ನ ಹಿಂದ ನಿಂತು ಅಂದ."