ಭಾಲ್ಕಿ ಬಸ್ಸಿಗೆ ಕಾದಿದ್ದ ಆಯಿ

ನೌಬಾದದ ಬಸ್ ನಿಲ್ದಾಣದಲ್ಲಿ ಅಂಜನಾಬಾಯಿ ಫೋನನ್ನು ಸ್ಪೀಕರಿಗೆ ಹಾಕಿದ್ದರು. ಕಿವಿ ಮಂದ. ಅದೇ ಬಸ್ಸಿಗೆ ಕಾಯುತ್ತ ಪಕ್ಕದಲ್ಲಿ ಕುಳಿತ ಅಪರಿಚಿತೆ ಅಲಕಾಗೂ ಎಲ್ಲ ಕೇಳಿಸಿತು. ಮೊಮ್ಮಗ ಕೈಲಾಶ ಮಾರ್ಮನ್ ಎಂಬ ಕ್ರೈಸ್ತ ಸಭೆಯ ಧರ್ಮಪ್ರಚಾರ ಸೇವೆಗೆಂದು ವಿಶಾಖಪಟ್ಟಣಕ್ಕೆ ಹೋಗಿ ಮೂರು ವಾರವಾಗಿತ್ತು. ಮನೆಗೆ ಫೋನು ಸೋಮವಾರ ಮಾತ್ರ. ಈ ಸೋಮವಾರ ಬೆಳಿಗ್ಗೆ ಅವನು ಅಂಜಿ ಕರೆದದ್ದೇ, ಕರೆತರಲು ಆಯಿ ಭಾಲ್ಕಿಗೆ ಹೋಗಿ ರೈಲು ಹಿಡಿಯಲು ಹೊರಟಿದ್ದರು; ಈಗ ಮತ್ತೆ ಅವನದೇ ಫೋನು.

“ಆಯಿ, ಲಗೂ ಬಾ. ನಿನ್ನೆ ಒಬ್ಬಾಂವ ನಮ್ಮ ಫೋಟೋ ಹೊಡ್ಕೊಂಡ. ಮತ್ತ ಈ ಓಣ್ಯಾಗ ಕಂಡ್ರ ಕಾಲ ಮುರೀತೀನಿ ಅಂದ.”

“ನೀ ಒಬ್ಬನ ಯಾಕ ಹೋದ್ಯೋ?”

“ಒಬ್ಬನ ಹೊರಗ ಹೋಗಂಗೇ ಇಲ್ಲ, ಅದು ನಮ್ಮ ಕಾಯದಾ. ಜೋಡಿದಾಂವ ಸಂಗಟ ಇದ್ದ.”

“ಅವಗ ಅಂಜಿಕಿ ಇಲ್ಲೇನು?”

“ನನಗಿಂತ ಒಂದ ವರ್ಷ ಹಳಬ. ಆದ್ರೂ ಈಗ ಬಚ್ಚಲದಾಗ ನಳ ಬಿಟ್ಟು ಅಳ್ಲಕತ್ತಾನ.”

“ನಿನ್ನ ಕರ್ಕೊಂಡ ಬಂದ್ರ ಅವನ ಜೋಡಿ ಯಾರ?”



“ಬ್ಯಾರೆ ಜೋಡಿ ಸಿಗೂತನಕ ಅವ ಖೋಲ್ಯಾಗೇ ಕೂಡಬೇಕು.”

“ಮತ್ತ ನಾ ಬರ್ಲೋ, ಬ್ಯಾಡೋ?”

“ಭಾಳ ಅಂಜಿಕಿ ಬರ್ತದ, ಆಯಿ.”

“ನನಗೂ ಅಂಜಿಕಿ ಅದ. ನಾ ಕೇಳಿದ್ದು ಅದಲ್ಲ.”

“ಮುಂದಿನ ಸೋಮವಾರ ಫೋನ ಮಾಡ್ತೇನಿ.”

ಭಾಲ್ಕಿ ಬಸ್ಸು ಬಂದು ನಿಂತಿತು. ಹತ್ತಿಸಲೆಂದು ಅಲಕಾ ಕೈ ಚಾಚಿದಳು.

“ನೀವ ಹತ್ರಿ, ಬಾಯಿ. ನಾ ಹೋದ್ರ ಅವ ಜೋಡಿದಾಂವನ ಬಿಟ್ಟು ಬಂದೇ ಬಿಡ್ತಾನ,” ಎನ್ನುತ್ತ ಅಂಜನಾಬಾಯಿ ಮೈಲೂರಿನ ತಮ್ಮ ಮನೆಗೆ ಆಟೋ ಹಿಡಿಯಲು ರಸ್ತೆ ದಾಟಿದರು.