ಆನೆಯ ಪಾಠ, ಬಾವಿಯ ಪುಟ

...ಜ್ವರ ತರಿಸಿ ಅಂತ ನಾನೆಲ್ಲಿ ಹೇಳಿದೆನಮ್ಮಾ? ಜ್ವರ ಬಂದಿದೆ ಅಂತ ಹೇಳಿ, ನಾಳೆ ಒಂದು ದಿನ ಮಗಳನ್ನು ಮನೆಯಲ್ಲೇ ಇಟ್ಟುಕೊಳ್ಳಿ ಅಂದೆ. ಅಷ್ಟೇ. ನಗೋದು ಯಾಕೆ? ಕೂತ್ಕೊಳ್ಳಿ. ಒಂದನೇ ಕ್ಲಾಸಿನ ಬೆಂಚು, ಗಿಡ್ಡ. ಮೊಣಕಾಲು ಎದೆಗೆ ಬರುತ್ತೆ. ನನಗೂ ಹಾಗೇ.

ನಾಳೆ ಸಾಹೇಬರು ತಪಾಸಣೆಗೆ ಬರ್ತಾರೆ. ಮಕ್ಕಳು ಓದೋದನ್ನ ಕೇಳ್ತಾರೆ. ನನ್ನ ಕ್ಲಾಸು ಆನೆಯ ಪಾಠ ಓದುತ್ತೆ, ಎಲ್ಲ ಒಂದೇ ದನಿ. ಕಿಟಕಿ ಗಾಜು ಅದುರುತ್ತೆ. ಅದರ ಮಧ್ಯೆ ನಿಮ್ಮ ಮಗಳು... ನೀವು ಟೈಲರು, ನಿಮಗೆ ಹೇಳಬೇಕಾ? ಒಂದು ಹೊಲಿಗೆ ಸೊಟ್ಟಗಾದರೆ ಇಡೀ ಅಂಗಿ ಕೆಟ್ಟಹಾಗೆ. ಎಲ್ಲರೂ ಆನೆಯ ಬಾಲ ಮುಟ್ಟಿ ಕೂತಿರ್ತಾರೆ. ಇವಳಿನ್ನೂ ಸೊಂಡಿಲಿನ ಹತ್ತಿರ, ಸಾಲಿನ ಕೆಳಗೆ ಬೆರಳಿಟ್ಟುಕೊಂಡು, ಒಂದೊಂದೇ ಅಕ್ಷರ ಕೂಡಿಸ್ತಾ...

ಬೆರಳಿಡೋದನ್ನ ನೀವೇ ಕಲಿಸಿದ್ದಂತೆ. ಮಷೀನಿನ ಪಕ್ಕ ಕೂರಿಸಿಕೊಂಡು, ಬಟ್ಟೆ ಸುತ್ತಿ ಬಂದ ಹಳೇ ಪೇಪರು ಓದಿಸ್ತೀರಂತೆ. ದಾರಿಯಲ್ಲಿ ಅಂಗಡಿ ಬೋರ್ಡು ಕಂಡರೆ ನಿಲ್ಲಿಸಿ ಓದಿಸ್ತೀರಂತೆ. ಔಷಧಿ ಅಂಗಡಿಯವನು ಪಾಪ, ಕಾಯಿಲೆ ಯಾರಿಗೆ ಅಂತ ಕೇಳಿದನಂತೆ. ಪ್ರೀತಿ ಇರಲಿ ತಾಯಿ. ಆದರೆ ಮಗು ಹಿಂದೆ ಬೀಳ್ತಿದೆ. ಹೀಗೇ ಆದರೆ ಇದೇ ಕ್ಲಾಸಿನಲ್ಲಿ ಇನ್ನೊಂದು ವರ್ಷ ಕೂರಿಸ್ತೀನಿ. ಬೇಜಾರು ಮಾಡ್ಕೋಬೇಡಿ, ಮಂದಬುದ್ಧಿಗೆ ಅದೇ ಮದ್ದು.

ಹಾಗೆ ದುರುಗುಟ್ಟಿ ನೋಡಿದರೆ ಆಯ್ತಾ? ನಂಬಿಕೆ ಇಲ್ವಾ? ರೈಲೂ, ಬಾ ಇಲ್ಲಿ. ಓದೋ ವೇಗಕ್ಕೆ ಈ ಹುಡುಗಿಗೆ ಆ ಹೆಸರು. ಈ ಆಂಟಿಗೆ ಆನೆಯ ಪಾಠ ಓದಿ ತೋರಿಸು ಪುಟ್ಟಿ. ಪುಸ್ತಕ ನೀವು ಕೊಡೋದು ಬೇಡ, ಅವಳದೇ ಇದೆ... ಸರಿ, ಕೊಡಿ. ಪುಟ ನಾನು ತೆಗೀತೀನಿ. ಅದಲ್ಲಮ್ಮಾ. ಆ ಪುಟ ಅಲ್ಲ...

ಕೇಳಿದಿರಾ? ಆನೆಯ ಸೊಂಡಿಲಿಂದ ಬಾಲದವರೆಗೆ ಎಲ್ಲಾದರೂ ತಡವರಿಸಿದಳಾ? ಉಸಿರು ಕೂಡ ಎಳೆದುಕೊಳ್ಳಲಿಲ್ಲ.

ಹೌದು, ಪುಟದಲ್ಲಿರೋದು ಬಾವಿಯ ಚಿತ್ರ. ಇರಲಿ ಬಿಡಿ. ಆನೆಗೂ ನೀರು ಬೇಕಲ್ಲ.

ನೀನು ಹೋಗಿ ಆಡ್ಕೋ ರೈಲು... ಗಿಳಿಪಾಠ ಅಂತ ಮನಸ್ಸಿನಲ್ಲೇ ಅಂದುಕೊಳ್ಳಬೇಡಿ. ಕಂಠಪಾಠವೂ ಓದೇ. ಮೊದಲು ನಾಲಿಗೆಗೆ ಬರುತ್ತೆ, ಆಮೇಲೆ ಕಣ್ಣಿಗೆ. ಆಮೇಲೆ ಅಂದರೆ... ಎರಡನೇ ಕ್ಲಾಸಿನ ಮೇಷ್ಟ್ರಿಗೂ ಏನಾದರೂ ಕೆಲಸ ಬೇಡವಾ? ಈಗ ನಗಬಹುದು ನೀವು.

ಈಗ ನಗಲ್ಲ ನೀವು.

ಮಗಳನ್ನು ಯಾಕೆ ಸನ್ನೆ ಮಾಡಿ ಕರೆದಿರಿ? ಅವಳಿಗೂ ಅದೇ ಪುಟಾನಾ? ಹೂಂ... ಬೆರಳು ಇಟ್ಟಳು. ಬಾವಿ... ಬಾವಿಯ ಕಟ್ಟೆ... ಹಗ್ಗ... ಒತ್ತಕ್ಷರವೂ ದಾಟಿದಳು. ಮುಗೀತಾ? ಸರಿಯಾಗೇ ಓದಿದಳು. ನಾನೇನು ಇಲ್ಲ ಅಂದೆನಾ?

ಅವಳ ಚೀಲ ಎಲ್ಲಿಗೆ ತಗೊಂಡು ಹೋಗ್ತಿದ್ದೀರಿ? ಮುಂದಿನ ಬೆಂಚಿಗೆ ಬೇಡಮ್ಮಾ. ಬಾಯಿಬಿಟ್ಟು ಏನಾದರೂ ಹೇಳಿ. ಬೈಯಿರಿ ಬೇಕಾದರೆ. ಅಲ್ಲಿ ಕೂರಿಸಬೇಡಿ ತಾಯಿ... ಸಾಹೇಬರು ಬಂದು ನಿಲ್ಲೋದೇ ಅಲ್ಲಿ. ಅವರೇನಾದರೂ ಅವಳ ಪುಸ್ತಕದ ಪುಟ ತಿರುಗಿಸಿ, ಎಲ್ಲರೂ ಇದನ್ನ ಓದಿ ಅಂದುಬಿಟ್ಟರೆ... ಇಡೀ ಕ್ಲಾಸಿನಲ್ಲಿ ಓದೋಕೆ ಬರೋದು ಅವಳೊಬ್ಬಳಿಗೇ.