ಬೆಳ್ಳುಳ್ಳಿ ಇಲ್ಲದ ಚಟ್ನಿ

ಗಂಡನ ಮರಣ ಪ್ರಮಾಣಪತ್ರ ತರಲು ಜಮಖಂಡಿಗೆ ಹೊರಟಿದ್ದೆ. ಬನಹಟ್ಟಿ ಬಸ್ ನಿಲ್ದಾಣದ ಬೆಂಚಿನಲ್ಲಿ ನನ್ನ ಪಕ್ಕಕ್ಕೆ ಚಿಮ್ಮಡದ ಒಬ್ಬ ತಾಯಿ, ಬೆಳಗಾವಿಯಲ್ಲಿ ಸಿವಿಲ್ ಎಂ.ಟೆಕ್ ಓದುವ ಮಗಳು ಕೂತಿದ್ದರು. ತಾಯಿ ರೊಟ್ಟಿಯ ಗಂಟಿನ ಮೇಲೆ ಒಂದು ಡಬ್ಬಿ ಇಟ್ಟಳು.

“ಈ ಶೇಂಗಾ ಚಟ್ನಿ ನಿನ್ನ ಕ್ಲಾಸಿನ ತ್ರಿಶಲಾಗ. ಜೈನರ ಹುಡುಗಿ ಅಂತ ಬಳ್ಳೊಳ್ಳಿ ಹಾಕಿಲ್ಲ.”

“ಆಕಿ ಓದೂದು ಬಿಟ್ಟ ಹೋಗಿ ಎರಡ ತಿಂಗಳಾತವ್ವಾ.”

“ಮತ್ತ ಕ್ಲಾಸಿನ್ಯಾಗ ಯಾರ ಅದಾರ?”

“ನಾ ಒಬ್ಬಾಕಿ.”

“ಒಬ್ಬಾಕಿಗೇ ಮಾಸ್ತರು ಪಾಠ ಹೇಳತಾರೇನ?”

“ಹಾಜರಿ ಸೈತ ತಗೋತಾರ. ಪೂನಮ್ ಅಂತ ಕೂಗತಾರ. ಅದೀನ್ರಿ ಸರ್ ಅಂತೀನಿ.”

ತಾಯಿ ನಕ್ಕಳು. ಮಗಳು ನಗಲಿಲ್ಲ.

“ಸಾಕ ಬಿಡ ಪೂನಮ್. ಮನಿಗೆ ನಡಿ.”

“ಲ್ಯಾಬಿನ್ಯಾಗ ಕಾಂಕ್ರೀಟ್ ಕ್ಯೂಬ್ ನೀರಾಗ ಇಟ್ಟ ಬಂದೀನಿ. ನಾಳೆಗೆ ಇಪ್ಪತ್ತೆಂಟ ದಿನ ಆಗತಾವ. ನಾಳೇನ ಮಷೀನಿಗೆ ಇಟ್ಟ ಒಡೀಬೇಕು.”

“ಕಟ್ಟೂದು ಕಲೀ ಅಂತ ಕಳಿಸಿದ್ರ ಒಡ್ಯಾಕ ಹೊಂಟೀಯಲ್ಲ ಬೇ!”

“ಎಷ್ಟ ಭಾರ ತಡೀತೈತಿ ಅಂತ ನೋಡೂದವ್ವಾ. ನಾ ಹೋಗಲಿಲ್ಲಂದ್ರ ಯಾರೂ ನೋಡಂಗಿಲ್ಲ.”

ಬೆಳಗಾವಿ ಬಸ್ಸು ಬಂತು. ಮಗಳು ಚೀಲ ಹೆಗಲಿಗೇರಿಸಿದಳು. ತಾಯಿ ಡಬ್ಬಿಯನ್ನು ಗಂಟಿನ ಮೇಲಿಂದ ಎತ್ತಿಕೊಂಡಳು.

“ಹಂಗಾರ ಈ ಚಟ್ನಿ ನಾ ತಿರುಗಿ ಒಯ್ತೀನಿ.”

“ಕೊಡವ್ವಾ. ಆಕಿ ಜೋಡಿ ತಿಂದ ತಿಂದ ನನಗೂ ಅದ ರೂಢಿ ಆಗೇತಿ.”

ರೊಟ್ಟಿಯ ಗಂಟು, ಡಬ್ಬಿ ಹಿಡಿದುಕೊಂಡು ಅವಳು ಬಸ್ ಹತ್ತಿದಳು. ಬಸ್ಸು ರಸ್ತೆಗೆ ತಿರುಗುವವರೆಗೂ ತಾಯಿ ಅಲ್ಲೇ ನಿಂತಿದ್ದಳು. ಆಮೇಲೆ ಚಿಮ್ಮಡಕ್ಕೆ ಹೋಗುವ ಟಂಟಂ ಆಟೊ ಹುಡುಕುತ್ತ ಹೋದಳು.